ಚಲಚ್ಚಿತ್ರ ಕ್ಯಾಮೆರಾ ಮತ್ತು ಅದರ ನಿರ್ಮಾತೃಗಳು

ಚಲಚ್ಚಿತ್ರ ಕ್ಯಾಮೆರಾ ಎಂದೊಡನೆ ಅದು ಚಲನೆಯನ್ನು ಹಿಡಿಯುವ ಯಂತ್ರವೆಂದು ತೋರುವುದು ಸಹಜವಾದರೂ, ಅದರ ಒಳಗನ್ನು ಒಮ್ಮೆ ಬಿಚ್ಚಿ ನೋಡಿದವನಿಗೆ ಅದು ಚಲನೆಯನ್ನು ಮತ್ತೆ ಮತ್ತೆ ತಡೆದು ನಿಲ್ಲಿಸುವ ಯಂತ್ರವೆಂಬುದು ಮನದಟ್ಟಾಗುತ್ತದೆ. ಸೆಕೆಂಡಿಗೆ ಹದಿನಾರು ಬಾರಿಯೋ ಇಪ್ಪತ್ತನಾಲ್ಕು ಬಾರಿಯೋ ಫಿಲ್ಮಿನ ಪಟ್ಟಿಯನ್ನು ಮಸೂರದ ಹಿಂದಿನ ಕಿಂಡಿಗೆ ಎಳೆದು ತಂದು, ಕೂದಲೆಳೆಯಷ್ಟೂ ಅಲುಗದಂತೆ ಅಲ್ಲಿ ಹಿಡಿದು, ಕ್ಷಣಾಂಶಕಾಲ ಬೆಳಕನ್ನು ಒಳಬಿಟ್ಟು, ಒಡನೆಯೇ ಮರೆಮಾಡಿ, ಮತ್ತೆ ಮುಂದಕ್ಕೆಳೆಯುವ ಈ ಯಂತ್ರದ ಇತಿಹಾಸವೆಲ್ಲವೂ ಪರಸ್ಪರ ವಿರುದ್ಧವಾದ ಎರಡು ಅಪೇಕ್ಷೆಗಳ ನಡುವೆ ನಡೆದುಬಂದುದಾಗಿದೆ. ಒಳಗೆ ಫಿಲ್ಮು ಅಚಲವಾಗಿ ನಿಲ್ಲಬೇಕು. ಹೊರಗೆ ಯಂತ್ರವು ಮನುಷ್ಯನು ಹೋದೆಡೆಗೆಲ್ಲ ಹೋಗಬೇಕು. ಮೊದಲನೆಯದು ಭಾರವನ್ನೂ ದಾರ್ಢ್ಯವನ್ನೂ ಬೇಡುತ್ತದೆ, ಎರಡನೆಯದು ಲಾಘವವನ್ನು. ಈ ಎರಡನ್ನು ಹೊಂದಿಸಲು ಆಯುಷ್ಯವನ್ನು ಸವೆಸಿದವರಲ್ಲಿ ಕಲಾವಿದರಿಗಿಂತ ಹೆಚ್ಚಾಗಿ ಖಗೋಳಜ್ಞರು, ಶರೀರಶಾಸ್ತ್ರಜ್ಞರು, ಯಂತ್ರಗಾರಿಕೆಯ ಕಸಬುದಾರರು ಕಾಣಸಿಗುತ್ತಾರೆ. ಅವರ ಹೆಸರುಗಳು ಚಿತ್ರಪಟದ ಮೇಲೆ ಮೂಡಿದುದು ಅತಿ ವಿರಳ.

ಪ್ರಥಮ ಪ್ರಯತ್ನಗಳು ಮನರಂಜನೆಗಾಗಿ ಹುಟ್ಟಿದವುಗಳಲ್ಲ. 1874ರಲ್ಲಿ ಶುಕ್ರಗ್ರಹವು ಸೂರ್ಯಬಿಂಬವನ್ನು ಹಾದುಹೋಗುವ ಅಪೂರ್ವ ಸಂದರ್ಭವನ್ನು ವೀಕ್ಷಿಸಲು ಜಪಾನಿಗೆ ತೆರಳಿದ ಫ್ರೆಂಚ್ ಖಗೋಳಜ್ಞ ಜೂಲ್ ಜಾನ್ಸೆನ್, ಗ್ರಹದ ಅಂಚು ಸೂರ್ಯನ ಅಂಚನ್ನು ಮುಟ್ಟುವ ನಿಮಿಷವನ್ನು ಕಣ್ಣಿನಿಂದ ನಿರ್ಧರಿಸುವುದು ಅಸಾಧ್ಯವೆಂದು ಕಂಡುಕೊಂಡು, ತಿರುಗುವ ತಟ್ಟೆಯೊಂದರ ಅಂಚಿನಲ್ಲಿ ಸಾಲಾಗಿ 48 ಚಿತ್ರಗಳನ್ನು ಮೂಡಿಸಬಲ್ಲ ಉಪಕರಣವನ್ನು ರಚಿಸಿದನು. ರಿವಾಲ್ವರಿನ ಗುಂಡುಗಳಂತೆ ಒಂದಾದಮೇಲೊಂದು ಚಿತ್ರ ಸಿಡಿಯುತ್ತಿದ್ದುದರಿಂದ ಅದಕ್ಕೆ ಛಾಯಾಚಿತ್ರ ರಿವಾಲ್ವರ್ ಎಂಬ ಹೆಸರು ಬಂದಿತು. ನಾಲ್ಕು ವರ್ಷಗಳ ತರುವಾಯ ಕ್ಯಾಲಿಫೋರ್ನಿಯದಲ್ಲಿ ಎಡ್ವರ್ಡ್ ಮೈಬ್ರಿಜ್ ಓಟದ ದಾರಿಯುದ್ದಕ್ಕೂ ಕ್ಯಾಮೆರಾಗಳ ಸಾಲನ್ನೇ ನಿಲ್ಲಿಸಿ, ಓಡುವ ಕುದುರೆಯ ನಾಲ್ಕು ಗೊರಸುಗಳೂ ಒಂದು ಕ್ಷಣ ನೆಲವನ್ನು ಬಿಟ್ಟಿರುತ್ತವೆಂದು ಸಿದ್ಧಮಾಡಿದನು. ಆದರೆ ಅನೇಕ ಕಣ್ಣುಗಳಿಂದ ನೋಡಿದ ಚಲನೆಯನ್ನು ಒಂದೇ ಕಣ್ಣಿನಿಂದ ನೋಡುವಂತಾಗಬೇಕೆಂಬ ಹಂಬಲ ಪ್ಯಾರಿಸಿನ ಶರೀರಶಾಸ್ತ್ರಜ್ಞ ಎತಿಯೆನ್ ಜೂಲ್ ಮಾರೇಯದಾಗಿತ್ತು. ಹಕ್ಕಿಗಳ ಹಾರಾಟವನ್ನು ಅಭ್ಯಸಿಸಲೆಂದು 1882ರಲ್ಲಿ ಆತನು ಮಾಡಿದ ಬಂದೂಕದ ಆಕಾರದ ಕ್ಯಾಮೆರಾ ಹೆಗಲಿಗೇರಿ ಗುರಿಯಿಟ್ಟು ಸೆಕೆಂಡಿಗೆ ಹನ್ನೆರಡು ಚಿತ್ರಗಳನ್ನು ತೆಗೆಯುತ್ತಿತ್ತು. ಬೇಟೆಗಾರನ ಭಂಗಿಯಲ್ಲಿ ನಿಂತು ಯಾವ ಜೀವಕ್ಕೂ ಹಾನಿ ಮಾಡದ ಈ ಬಂದೂಕವೇ, ಕೈಯಲ್ಲಿ ಹಿಡಿದು ಚಿತ್ರ ತೆಗೆಯುವ ಮುಂದಿನ ಎಲ್ಲ ಕ್ಯಾಮೆರಾಗಳ ಮೂಲಪುರುಷನೆನ್ನಬೇಕು.

ಗಾಜಿನ ತಟ್ಟೆಗಳ ಮೇಲೆ ಚಿತ್ರಿಸುವವರೆಗೆ ಚಲನೆಯ ಅವಧಿ ತಟ್ಟೆಯ ಸುತ್ತಳತೆಯಷ್ಟೇ ಆಗಿರಬೇಕಾಗಿತ್ತು. ಉದ್ದವಾದ, ಬಳುಕುವ, ಸುರುಳಿ ಸುತ್ತಬಹುದಾದ ಪಟ್ಟಿಯೊಂದು ದೊರೆಯದ ಹೊರತು ಈ ಕಟ್ಟು ಬಿಚ್ಚುವಂತಿರಲಿಲ್ಲ. 1888ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ಲೂಯಿ ಲೆ ಪ್ರಿನ್ಸ್ ಎಂಬ ಫ್ರೆಂಚನು ತನ್ನ ಒಂಟಿ ಮಸೂರದ ಮರದ ಕ್ಯಾಮೆರಾದಲ್ಲಿ ಕಾಗದದ ಪಟ್ಟಿಯನ್ನು ತುಂಬಿ, ಮನೆಯ ತೋಟದಲ್ಲಿ ನಡೆದಾಡುವ ತನ್ನ ಬಂಧುಗಳನ್ನು ಚಿತ್ರಿಸಿದನು. ಕೆಲವೇ ಸೆಕೆಂಡುಗಳ ಆ ದೃಶ್ಯವು ಇಂದಿಗೂ ಉಳಿದಿದೆ. ಆದರೆ ತನ್ನ ಆವಿಷ್ಕಾರವನ್ನು ಲೋಕದ ಮುಂದಿಡುವ ಮೊದಲೇ, 1890ರ ಸೆಪ್ಟೆಂಬರಿನಲ್ಲಿ ದಿಜೋನಿನಲ್ಲಿ ಪ್ಯಾರಿಸಿಗೆ ಹೋಗುವ ರೈಲು ಹತ್ತಿದ ಆತನನ್ನು ಮತ್ತೆ ಯಾರೂ ಕಾಣಲಿಲ್ಲ. ಆತನ ಕೆಲಸ ಅಲ್ಲಿಗೇ ನಿಂತುಹೋದುದು ಈ ಇತಿಹಾಸದ ಮೊದಲ ದೊಡ್ಡ ನಷ್ಟ.

1889ರಲ್ಲಿ ಜಾರ್ಜ್ ಈಸ್ಟ್‌ಮನ್ನನ ಕಾರ್ಖಾನೆಯಿಂದ ಪಾರದರ್ಶಕವಾದ ಸೆಲ್ಯುಲಾಯಿಡ್ ಸುರುಳಿ ಹೊರಬಂದ ಮೇಲೆ, ಅಮೆರಿಕದ ನ್ಯೂ ಜೆರ್ಸಿಯಲ್ಲಿದ್ದ ಥಾಮಸ್ ಆಲ್ವಾ ಎಡಿಸನ್ನನ ಪ್ರಯೋಗಶಾಲೆಯಲ್ಲಿ ವಿಲಿಯಂ ಕೆನಡಿ ಲಾರೀ ಡಿಕ್ಸನ್ ಎಂಬ ತರುಣ ಸಹಾಯಕನು ಆ ಫಿಲ್ಮನ್ನು ಉದ್ದುದ್ದಕ್ಕೆ ಎರಡಾಗಿ ಸೀಳಿ ಸುಮಾರು 35 ಮಿ.ಮೀ. ಅಗಲದ ಪಟ್ಟಿ ಮಾಡಿ, ಎರಡೂ ಅಂಚುಗಳಲ್ಲಿ ಪ್ರತಿಯೊಂದು ಚಿತ್ರಕ್ಕೆ ನಾಲ್ಕು ನಾಲ್ಕು ರಂಧ್ರಗಳನ್ನು ಕೊರೆಸಿದನು. ಈ ಪಟ್ಟಿಗಾಗಿ ಆತನು ರಚಿಸಿದ ಕೈನೆಟೋಗ್ರಾಫ್ ಎಂಬ ಕ್ಯಾಮೆರಾ ವಿದ್ಯುಚ್ಛಕ್ತಿಯಿಂದ ನಡೆಯುವ ಬಹುಭಾರದ ಪೆಟ್ಟಿಗೆ. ಅದನ್ನು ಹೊರಗೆ ಒಯ್ಯುವುದು ಕಷ್ಟವಾಗಿದ್ದುದರಿಂದ ನಟರೂ ಮಲ್ಲರೂ ನರ್ತಕಿಯರೂ ಅದರ ಮುಂದಕ್ಕೆ ಬಂದು ನಿಲ್ಲಬೇಕಾಗುತ್ತಿತ್ತು. ಕ್ಯಾಮೆರಾ ಕಾಲಾಂತರದಲ್ಲಿ ಮೂಲೆ ಸೇರಿತಾದರೂ ಆ ಪಟ್ಟಿಯ ಅಗಲ, ಆ ರಂಧ್ರಗಳ ಸಂಖ್ಯೆ ಮಾತ್ರ ಉಳಿದುಬಂದು, 1909ರಲ್ಲಿ ಪ್ಯಾರಿಸಿನಲ್ಲಿ ಸೇರಿದ ಚಿತ್ರನಿರ್ಮಾಪಕರ ಸಮ್ಮೇಳನದಲ್ಲಿ ಜಗತ್ತಿಗೆಲ್ಲ ಒಂದೇ ಅಳತೆಯೆಂದು ಅಂಗೀಕೃತವಾಯಿತು. ಯಂತ್ರೋದ್ಯಮದ ಚರಿತ್ರೆಯಲ್ಲಿ ಇಷ್ಟು ದೀರ್ಘಕಾಲ ಬದಲಾಗದೆ ನಿಂತ ಅಳತೆಗಳು ಹೆಚ್ಚಿಲ್ಲ. ಎಡಿಸನ್ನನ ಕೀರ್ತಿಯ ನೆರಳಿನಲ್ಲಿ ಮರೆಯಾದ ಡಿಕ್ಸನ್ನನಿಗೆ ಸಲ್ಲಬೇಕಾದ ಮರ್ಯಾದೆ ಇನ್ನೂ ಪೂರ್ತಿಯಾಗಿ ಸಂದಿಲ್ಲವೆಂದೇ ಹೇಳಬೇಕು.

ಈ ಪಟ್ಟಿಯನ್ನು ನಿಲ್ಲಿಸಿ ನಡೆಸುವ ಸಮಸ್ಯೆಗೆ ಅತ್ಯಂತ ಸುಂದರವಾದ ಉತ್ತರ ದೊರೆತುದು ಫ್ರಾನ್ಸಿನ ಲಿಯೋನ್ ನಗರದಲ್ಲಿ. ಛಾಯಾಚಿತ್ರದ ತಟ್ಟೆಗಳನ್ನು ತಯಾರಿಸುತ್ತಿದ್ದ ಲುಮಿಯೇರ್ ಮನೆತನದ ಲೂಯಿ, 1894ರ ಕೊನೆಯಲ್ಲಿ ನಿದ್ರೆ ಬಾರದ ಒಂದು ರಾತ್ರಿ, ಹೊಲಿಗೆಯಂತ್ರವು ಬಟ್ಟೆಯನ್ನು ಮುಂದೂಡುವ ಕ್ರಮವನ್ನು ನೆನೆದು ತನ್ನ ಯಂತ್ರದ ಸೂತ್ರವನ್ನು ಕಂಡುಕೊಂಡನೆಂದು ಪ್ರಸಿದ್ಧಿಯಿದೆ. ಹೊಲಿಗೆಯಂತ್ರದ ಮುಂದೆ ಕುಳಿತವರೆಲ್ಲ ಕಂಡಿರುವಂತೆ, ಸೂಜಿ ಬಟ್ಟೆಯೊಳಗಿರುವಾಗ ಬಟ್ಟೆ ನಿಂತಿರುತ್ತದೆ, ಸೂಜಿ ಮೇಲೆದ್ದಾಗ ಕೆಳಗಿನ ಹಲ್ಲುಗಳು ಅದನ್ನು ಒಂದು ಹೊಲಿಗೆಯಷ್ಟು ಮುಂದೆ ತಳ್ಳಿ ಕೆಳಗಿಳಿದು ಹಿಂದಿರುಗುತ್ತವೆ. ಲೂಯಿಯ ಯಂತ್ರದಲ್ಲಿಯೂ ಇದೇ ವಿಧಾನ. ಎರಡು ಮೊನೆಗಳುಳ್ಳ ಕೊಕ್ಕೆಯೊಂದು ಫಿಲ್ಮಿನ ರಂಧ್ರಗಳೊಳಗೆ ಹೊಕ್ಕು, ಒಂದು ಚಿತ್ರದಷ್ಟು ಕೆಳಗೆಳೆದು, ಹಿಂದಕ್ಕೆ ಸರಿದು, ಬರಿಗೈಯಲ್ಲಿ ಮೇಲೇರುತ್ತದೆ. ಹೀಗೆ ಅದು ಮರಳಿ ಬರುವಷ್ಟರಲ್ಲಿ ಫಿಲ್ಮು ನಿಶ್ಚಲವಾಗಿ ನಿಂತು ಬೆಳಕನ್ನು ಸ್ವೀಕರಿಸುತ್ತದೆ. ಕೊಕ್ಕೆಯನ್ನು ಆಡಿಸುವ ತ್ರಿಕೋನಾಕೃತಿಯ ಉತ್ಕೇಂದ್ರದ ರಚನೆಯಿಂದಾಗಿ ಒಂದು ಆವೃತ್ತಿಯಲ್ಲಿ ಮೂರನೆಯ ಒಂದು ಪಾಲು ಕಾಲ ಮಾತ್ರ ಚಲನೆಗೂ ಉಳಿದ ಎರಡು ಪಾಲು ಸ್ಥಿರತೆಗೂ ದೊರೆಯುತ್ತಿತ್ತು. ಕಾರ್ಖಾನೆಯ ಮುಖ್ಯ ಯಂತ್ರಗಾರ ಷಾರ್ಲ್ ಮ್ವಾಸೋನ್ ಮೊದಲ ಮಾದರಿಯನ್ನು ಕಟ್ಟಿದನು. ಪೇಟೆಂಟು ದೊರೆತುದು 1895ರ ಫೆಬ್ರವರಿ 13ರಂದು. ಪ್ಯಾರಿಸಿನ ಜೂಲ್ ಕಾರ್ಪಾಂತಿಯೆ ಎಂಬ ಯಂತ್ರಶಿಲ್ಪಿ ಅದನ್ನು ಪರಿಷ್ಕರಿಸಿ ಹಲವನ್ನು ತಯಾರಿಸಿಕೊಟ್ಟನು. ಸುಮಾರು ಐದು ಕಿಲೋಗ್ರಾಂ ತೂಕದ, ಒಬ್ಬನೇ ಒಂದು ಕೈಯಲ್ಲಿ ಎತ್ತಬಹುದಾದ ಈ ಮರದ ಪೆಟ್ಟಿಗೆಯೇ ಚಿತ್ರ ತೆಗೆಯುವ ಕ್ಯಾಮೆರಾ, ಪ್ರತಿ ಮಾಡುವ ಯಂತ್ರ, ದೀಪವನ್ನು ಹಿಂದಿಟ್ಟಾಗ ತೆರೆಯ ಮೇಲೆ ತೋರಿಸುವ ಯಂತ್ರ, ಮೂರೂ ಆಗಿದ್ದಿತು. ಹಿಡಿಕೆಯನ್ನು ಸೆಕೆಂಡಿಗೆ ಎರಡು ಸುತ್ತು ತಿರುಗಿಸಿದರೆ ಹದಿನಾರು ಚಿತ್ರಗಳು ಮೂಡುತ್ತಿದ್ದುವು.

ಅದೇ ವರ್ಷ ಅಮೆರಿಕದಲ್ಲಿ ಲೇಥಮ್ ಎಂಬ ತಂದೆಮಕ್ಕಳ ಕಾರ್ಯಾಗಾರದಲ್ಲಿ ಫಿಲ್ಮಿಗೆ ಮಸೂರದ ಹಿಂದಿನ ಕಿಂಡಿಯ, ಅಂದರೆ ಗೇಟಿನ, ಮೇಲೂ ಕೆಳಗೂ ಸ್ವಲ್ಪ ಸಡಿಲುಬಾಗು ಬಿಡುವ ಪದ್ಧತಿ ರೂಪುಗೊಂಡಿತು. ದೊಡ್ಡ ಸುರುಳಿಯ ಭಾರವೆಲ್ಲ ಥಟ್ಟನೆ ಕೊಕ್ಕೆಯ ಮೇಲೆ ಬಿದ್ದು ಫಿಲ್ಮು ಹರಿಯುವುದನ್ನು ಈ ಸಡಿಲುಬಾಗು ತಪ್ಪಿಸಿದುದರಿಂದ ನಿಮಿಷಗಟ್ಟಲೆ ನಡೆಯುವ ಚಿತ್ರಗಳು ಸಾಧ್ಯವಾದುವು. ಕ್ಯಾಮೆರಾಕ್ಕೆ ಫಿಲ್ಮು ತುಂಬುವ ಸಹಾಯಕನು ಬೆರಳಿನಿಂದ ಅಳೆದು ಬಿಡುವ ಆ ‘ಲೂಪು’ ಚಿತ್ರೋದ್ಯಮದ ಅತ್ಯಂತ ಅಗ್ಗದ ಆವಿಷ್ಕಾರ, ಅತ್ಯಂತ ಅವಶ್ಯವಾದುದೂ ಹೌದು.

ಹಗುರಾದ ಯಂತ್ರ ದೊರೆತೊಡನೆ ಅದು ಲೋಕಸಂಚಾರಕ್ಕೆ ಹೊರಟಿತು. ಲುಮಿಯೇರರ ಪ್ರತಿನಿಧಿ ಅಲೆಕ್ಸಾಂದ್ರ್ ಪ್ರೊಮಿಯೊ 1896ರಲ್ಲಿ ವೆನಿಸಿನ ಕಾಲುವೆಯಲ್ಲಿ ದೋಣಿಯೊಳಗೆ ಕ್ಯಾಮೆರಾ ಇಟ್ಟು, ದಡದ ಅರಮನೆಗಳೇ ತೇಲಿಹೋಗುವಂತೆ ಚಿತ್ರಿಸಿದನು. ಮರುವರ್ಷ ವಿಕ್ಟೋರಿಯಾ ರಾಣಿಯ ವಜ್ರಮಹೋತ್ಸವದ ಮೆರವಣಿಗೆಗಾಗಿ ಲಂಡನ್ನಿನ ರಾಬರ್ಟ್ ಪಾಲ್ ಕ್ಯಾಮೆರಾವನ್ನು ಎಡಕ್ಕೂ ಬಲಕ್ಕೂ ತಿರುಗಿಸಬಲ್ಲ ಟ್ರೈಪಾಡ್ ತಲೆಯನ್ನು ರಚಿಸಿದನು. ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿ 1896ರ ಜುಲೈ 7ರಂದು ಲುಮಿಯೇರ್ ಚಿತ್ರಗಳ ಪ್ರದರ್ಶನವಾಯಿತು. 1912ರಲ್ಲಿ ಲಂಡನ್ನಿಗೆ ಹೋದ ದಾದಾಸಾಹೇಬ ಫಾಳ್ಕೆಯವರು ತಂದುದು ವಿಲಿಯಮ್ಸನ್ ಕ್ಯಾಮೆರಾವನ್ನು. ಜೊತೆಗೆ ಫಿಲ್ಮಿಗೆ ರಂಧ್ರ ಕೊರೆಯುವ ಯಂತ್ರವನ್ನೂ ಕೊಂಡುತಂದರು. ಮೊದಲು ಅವರು ಕುಂಡದಲ್ಲಿ ನೆಟ್ಟ ಬಟಾಣಿಯು ಮೊಳೆತು ಬಳ್ಳಿಯಾಗುವುದನ್ನು ದಿನವೂ ಸ್ವಲ್ಪ ಸ್ವಲ್ಪವಾಗಿ ಚಿತ್ರಿಸಿ ತೋರಿಸಿ, ಆ ಚಿಕ್ಕ ಚಿತ್ರದ ಬಲದಿಂದಲೇ ಹಣ ಹೊಂದಿಸಿಕೊಂಡು, 1913ರ ‘ರಾಜಾ ಹರಿಶ್ಚಂದ್ರ’ಕ್ಕೆ ಕೈಹಾಕಿದರು. ಹಗಲೆಲ್ಲ ಚಿತ್ರತಂಡಕ್ಕೆ ಅಡುಗೆ ಮಾಡಿ ಬಡಿಸಿ, ರಾತ್ರಿ ಕತ್ತಲ ಕೋಣೆಯಲ್ಲಿ ಫಿಲ್ಮಿಗೆ ರಂಧ್ರ ಕೊರೆಯುತ್ತಿದ್ದವರು ಅವರ ಪತ್ನಿ ಸರಸ್ವತೀಬಾಯಿ. ಭಾರತದ ಚಲಚ್ಚಿತ್ರದ ಪ್ರಥಮ ತಂತ್ರಜ್ಞರನ್ನು ಎಣಿಸುವಾಗ ಈ ಗೃಹಿಣಿಯನ್ನು ಮರೆಯುವುದು ಅನ್ಯಾಯವಾದೀತು.

ಆದರೂ ಒಂದು ತೊಡಕು ಉಳಿದಿದ್ದಿತು. ಹಿಡಿಕೆ ತಿರುಗಿಸುವವನ ಬಲಗೈ ಯಂತ್ರಕ್ಕೆ ಕಟ್ಟುಬಿದ್ದಿರುವವರೆಗೂ, ಆ ತಿರುಗಾಟದ ಕಂಪನ ಚಿತ್ರವನ್ನು ಕದಲಿಸುವವರೆಗೂ, ಕ್ಯಾಮೆರಾ ಮೂರು ಕಾಲಿನ ಗೂಟವನ್ನು ಬಿಟ್ಟೇಳುವಂತಿರಲಿಲ್ಲ. ಈ ಕಟ್ಟಿನಿಂದ ಅದನ್ನು ಬಿಡಿಸಿದವನು ವಾರ್ಸಾದ ಕಾಜಿಮಿಯೆಷ್ ಪ್ರುಶಿನ್ಸ್ಕಿ. 1910ರ ಸುಮಾರಿಗೆ ಆತನು ಪೇಟೆಂಟು ಪಡೆದ ಏರೋಸ್ಕೋಪ್ ಎಂಬ ಕ್ಯಾಮೆರಾದೊಳಗೆ ಸಂಕುಚಿತ ವಾಯುವಿನ ಕೊಳವೆಗಳಿದ್ದುವು. ಸೈಕಲ್ಲಿಗೆ ಗಾಳಿ ಹಾಕುವಂತೆ ಪಂಪಿನಿಂದ ಅವುಗಳನ್ನು ಮೊದಲೇ ತುಂಬಿಟ್ಟರೆ, ಗುಂಡಿಯೊತ್ತಿದ ಮೇಲೆ ಯಂತ್ರ ತಾನಾಗಿ ನಡೆಯುತ್ತಿತ್ತು, ಒಳಗಿನ ಗೈರೋಸ್ಕೋಪಿನ ಚಕ್ರ ಕೈನಡುಕವನ್ನು ತಡೆಯುತ್ತಿತ್ತು. ವನ್ಯಜೀವಿ ಚಿತ್ರಗ್ರಾಹಕ ಚೆರಿ ಕಿಯರ್ಟನ್ ಇದನ್ನು ಹಿಡಿದು ಆಫ್ರಿಕದ ಕಾಡುಮೃಗಗಳನ್ನು ಚಿತ್ರಿಸಿದನು. ಪ್ರಥಮ ಮಹಾಯುದ್ಧದಲ್ಲಿ ಬ್ರಿಟಿಷ್ ಚಿತ್ರಗ್ರಾಹಕರು ಇದನ್ನು ಕಂದಕಗಳಿಗೆ ಒಯ್ದರು. ಕೈಯಿಂದ ಕ್ಯಾಮೆರಾವನ್ನು ಬಿಡುಗಡೆ ಮಾಡಿದ ಪ್ರುಶಿನ್ಸ್ಕಿಯ ಬಾಳು ಸೆರೆಯಲ್ಲಿ ಮುಗಿದುದನ್ನು ವ್ಯಥೆಯಿಲ್ಲದೆ ಬರೆಯಲಾಗದು: 1944ರ ವಾರ್ಸಾ ದಂಗೆಯ ಕಾಲದಲ್ಲಿ ಬಂಧಿತನಾಗಿ, 1945ರಲ್ಲಿ ಯುದ್ಧ ಮುಗಿಯಲು ಕೆಲವೇ ವಾರಗಳಿರುವಾಗ, ಆತನು ಮೌತ್‌ಹೌಸೆನ್ ಸೆರೆಶಿಬಿರದಲ್ಲಿ ತೀರಿಕೊಂಡನು.

ಇದೇ ಕಾಲದಲ್ಲಿ ಅಮೆರಿಕದ ಕಾರ್ಲ್ ಏಕ್ಲಿ ಎಂಬಾತನು, ಸತ್ತ ಪ್ರಾಣಿಗಳ ಚರ್ಮಕ್ಕೆ ಜೀವಂತ ಭಂಗಿಗಳನ್ನು ಕೊಟ್ಟು ವಸ್ತುಸಂಗ್ರಹಾಲಯಗಳಲ್ಲಿ ನಿಲ್ಲಿಸುವ ತನ್ನ ಕಸಬಿಗಾಗಿ ಆಫ್ರಿಕವನ್ನು ಸುತ್ತುತ್ತ, ಅಂದಿನ ಕ್ಯಾಮೆರಾಗಳು ಓಡುವ ಮೃಗವನ್ನು ಹಿಂಬಾಲಿಸಲಾರವೆಂದು ಬೇಸತ್ತು, ತಾನೇ ಒಂದನ್ನು ರಚಿಸಿದನು. ದುಂಡಗೆ ಡೋಲಿನಂತಿದ್ದ ಅದನ್ನು ಒಂದೇ ಹಿಡಿಯಿಂದ ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ನುಣುಪಾಗಿ ಹೊರಳಿಸಬಹುದಾಗಿತ್ತು. ಯಂತ್ರ ಎತ್ತ ಬಾಗಿದರೂ ಕಣ್ಣಿಡುವ ಗಾಜು ಇದ್ದಲ್ಲೇ ಇರುತ್ತಿತ್ತು. ರಾಬರ್ಟ್ ಫ್ಲಾಹರ್ಟಿ ಕೆನಡಾದ ಉತ್ತರಭಾಗದ ಹಿಮದಲ್ಲಿ ‘ನಾನೂಕ್ ಆಫ್ ದಿ ನಾರ್ತ್’ ಚಿತ್ರವನ್ನು ತೆಗೆದುದು ಈ ಕ್ಯಾಮೆರಾದಿಂದಲೇ.

ಸ್ಟುಡಿಯೋಗಳ ಅಗತ್ಯವು ಬೇರೆಯದಾಗಿತ್ತು. ಷಿಕಾಗೋದ ಡೊನಾಲ್ಡ್ ಬೆಲ್ ಮತ್ತು ಆಲ್ಬರ್ಟ್ ಹೋವೆಲ್ 1912ರಲ್ಲಿ ಹೊರತಂದ ‘2709’ ಎಂಬ ಸರ್ವಲೋಹದ ಕ್ಯಾಮೆರಾದಲ್ಲಿ ಅಲುಗದ ಎರಡು ಸೂಜಿಗಳ ಮೇಲೆ ಫಿಲ್ಮನ್ನು ಪ್ರತಿಸಲವೂ ಇಳಿಸಿ ಕೂರಿಸುವ ವ್ಯವಸ್ಥೆಯಿದ್ದಿತು. ಒಂದೇ ಫಿಲ್ಮನ್ನು ಎರಡು ಮೂರು ಬಾರಿ ಓಡಿಸಿ ಒಬ್ಬ ನಟನನ್ನೇ ಇಬ್ಬರನ್ನಾಗಿ ತೋರಿಸುವಂಥ ಚಮತ್ಕಾರಗಳಿಗೆ ಬೇಕಾದ ನಿಷ್ಕೃಷ್ಟತೆ ಇದರಿಂದ ಒದಗಿತು. 1919ರಲ್ಲಿ ಸ್ಥಾಪಿತವಾದ ಮಿಚೆಲ್ ಸಂಸ್ಥೆಯ ಕ್ಯಾಮೆರಾದಲ್ಲಿ, ಜಾನ್ ಲೆನರ್ಡ್ ರೂಪಿಸಿದ ಯುಕ್ತಿಯಂತೆ, ಯಂತ್ರದ ಒಡಲನ್ನು ಪಕ್ಕಕ್ಕೆ ಸರಿಸಿ ಮಸೂರದ ಮೂಲಕವೇ ದೃಶ್ಯವನ್ನು ನೋಡಿ, ಮತ್ತೆ ಸ್ವಸ್ಥಾನಕ್ಕೆ ತಂದು ಚಿತ್ರ ತೆಗೆಯಬಹುದಾಗಿತ್ತು. 1920ರ ದಶಕದ ಕೊನೆಯಲ್ಲಿ ಚಿತ್ರಗಳು ಮಾತನಾಡತೊಡಗಿದಾಗ ಕ್ಯಾಮೆರಾದ ಗರಗರ ಶಬ್ದವೇ ಶತ್ರುವಾಗಿ, ಯಂತ್ರವನ್ನೂ ಅದನ್ನು ನಡೆಸುವವನನ್ನೂ ಗಾಳಿಯಾಡದ ಪೆಟ್ಟಿಗೆಕೋಣೆಗಳಲ್ಲಿ ಮುಚ್ಚಿಡಬೇಕಾಯಿತು. ಮೂಕಚಿತ್ರದ ಕಾಲದಲ್ಲಿ ಕುಣಿದಾಡುತ್ತಿದ್ದ ಕ್ಯಾಮೆರಾ ಕೆಲವು ವರ್ಷ ಕಲ್ಲಾಗಿ ಕುಳಿತಿತು. 1934ರ ಮಿಚೆಲ್ ಬಿ.ಎನ್.ಸಿ. ಮೈಯೊಳಗೇ ಶಬ್ದವನ್ನು ಅಡಗಿಸಿಕೊಂಡು ಆ ಕೋಣೆಯಿಂದ ಹೊರಬಂದಿತು. ವರ್ಣಚಿತ್ರಗಳು ಬಂದಾಗ ಮತ್ತೆ ಅದೇ ಪಾಡು: 1932ರ ಟೆಕ್ನಿಕಲರ್ ಕ್ಯಾಮೆರಾ ಬೆಳಕನ್ನು ಪಟ್ಟಕದಿಂದ ಒಡೆದು ಮೂರು ಫಿಲ್ಮುಗಳ ಮೇಲೆ ಏಕಕಾಲಕ್ಕೆ ಚಿತ್ರಿಸುತ್ತಿದ್ದುದರಿಂದ ಅದರ ಗಾತ್ರವೂ ಬೆಳಕಿನ ಹಸಿವೂ ಅಪಾರ. ಮೂರೂ ಬಣ್ಣಗಳನ್ನು ಒಂದೇ ಪಟ್ಟಿಯಲ್ಲಿ ಹಿಡಿಯುವ ಫಿಲ್ಮು 1950ರಲ್ಲಿ ಬಂದಮೇಲೆ ಅದು ಹಿಂದೆ ಸರಿಯಿತು.

ಒಂದು ಪ್ರಶ್ನೆ ಮಾತ್ರ ಅರ್ಧ ಶತಮಾನದವರೆಗೆ ಎಲ್ಲರನ್ನೂ ಕಾಡುತ್ತಿತ್ತು. ಚಿತ್ರಗ್ರಾಹಕನು ಚಿತ್ರ ತೆಗೆಯುತ್ತಿರುವಾಗಲೇ, ಮಸೂರವು ಕಾಣುವುದನ್ನೇ ತಾನೂ ಕಾಣುವುದು ಹೇಗೆ? ಪಕ್ಕದಲ್ಲಿ ಜೋಡಿಸಿದ ಇನ್ನೊಂದು ಗಾಜಿನಲ್ಲಿ ನೋಡಿದರೆ ಹತ್ತಿರದ ವಸ್ತುವು ಓರೆಯಾಗಿ ತಪ್ಪಿಹೋಗುತ್ತಿತ್ತು. ಫ್ರಾನ್ಸಿನ ದೆಬ್ರಿ ಕ್ಯಾಮೆರಾದಂತೆ ಫಿಲ್ಮಿನ ಮೂಲಕವೇ ಹಿಂದಿನಿಂದ ನೋಡುತ್ತಿದ್ದವರಿಗೆ, ಬೆಳಕು ಚದರದಿರಲೆಂದು ಫಿಲ್ಮಿನ ಬೆನ್ನಿಗೆ ಕಪ್ಪು ಲೇಪ ಕೊಡತೊಡಗಿದ ಮೇಲೆ, ಆ ದಾರಿಯೂ ಮುಚ್ಚಿತು. ಉತ್ತರವನ್ನು ಕೊಟ್ಟವನು ಮ್ಯೂನಿಕ್ಕಿನಲ್ಲಿ ಆಗಸ್ಟ್ ಆರ್ನಾಲ್ಡ್ ಮತ್ತು ರಾಬರ್ಟ್ ರಿಕ್ಟರ್ ನಡೆಸುತ್ತಿದ್ದ ಆರಿ ಸಂಸ್ಥೆಯ ಯಂತ್ರಶಿಲ್ಪಿ ಎರಿಕ್ ಕೆಸ್ಟ್ನರ್. ಫಿಲ್ಮು ಮುಂದೆ ಸರಿಯುವಾಗ ಬೆಳಕನ್ನು ಮರೆಮಾಡಲೆಂದು ಹೇಗೂ ಒಂದು ತಟ್ಟೆ ತಿರುಗುತ್ತಿರುತ್ತದಷ್ಟೆ. ಆ ತಟ್ಟೆಗೆ ಕನ್ನಡಿಯ ಹೊಳಪು ಕೊಟ್ಟು 45 ಡಿಗ್ರಿ ಓರೆಯಾಗಿ ನಿಲ್ಲಿಸಿದರೆ, ಫಿಲ್ಮಿಗೆ ಬೇಡವಾದ ಬೆಳಕು ಕಣ್ಣಿಗೆ ಬರಬಾರದೇಕೆ? ಹೀಗೆ ಒಂದು ಕ್ಷಣಾಂಶದಲ್ಲಿ ಫಿಲ್ಮು ನೋಡುತ್ತದೆ, ಮರುಕ್ಷಣಾಂಶದಲ್ಲಿ ಮನುಷ್ಯನು ನೋಡುತ್ತಾನೆ. ಬೆಳಕಿನ ಒಂದು ಹನಿಯೂ ಪೋಲಾಗುವುದಿಲ್ಲ. 1937ರ ಲೈಪ್‌ಜಿಗ್ ಜಾತ್ರೆಯಲ್ಲಿ ಪ್ರದರ್ಶಿತವಾದ ಆರಿಫ್ಲೆಕ್ಸ್ 35 ಕ್ಯಾಮೆರಾ ಕೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಭಾರತದಲ್ಲಿಯೂ ದಶಕಗಳ ಕಾಲ ಹೊರಾಂಗಣ ಚಿತ್ರೀಕರಣವೆಂದರೆ ಆರಿಫ್ಲೆಕ್ಸ್ ಎಂಬಂತಾಯಿತು. ಇಡೀ ಈ ಇತಿಹಾಸದಲ್ಲಿ ಒಂದೇ ಒಂದು ಯುಕ್ತಿಯನ್ನು ಆರಿಸೆಂದರೆ, ಈ ಲೇಖಕನ ಆಯ್ಕೆ ಕೆಸ್ಟ್ನರನ ಈ ಕನ್ನಡಿಯೇ.

ಮಸೂರಗಳ ಕಥೆಯನ್ನು ಇಲ್ಲಿ ಸಂಕ್ಷೇಪವಾಗಿ ಹೇಳಬೇಕಾಗಿದೆ. ಫ್ರಾನ್ಸಿನ ಪಿಯೆರ್ ಆಂಜೆನ್ಯೂ 1950ರ ದಶಕದಿಂದ ರೂಪಿಸಿದ ಜೂಮ್ ಮಸೂರಗಳು ನಿಂತಲ್ಲಿಂದಲೇ ದೂರವನ್ನು ಹತ್ತಿರ ಮಾಡಿದುವು. ಅದೇ ದೇಶದ ಆನ್ರಿ ಕ್ರೆತಿಯೇನ್ 1920ರ ದಶಕದಲ್ಲಿ ರಚಿಸಿದ, ದೃಶ್ಯದ ಅಗಲವನ್ನು ಅರ್ಧಕ್ಕೆ ಕುಗ್ಗಿಸಿ ಫಿಲ್ಮಿಗಿಳಿಸುವ ಮಸೂರವು ಬಹುಕಾಲ ಬಳಕೆಯಿಲ್ಲದಿದ್ದು, 1953ರಲ್ಲಿ ‘ದಿ ರೋಬ್’ ಚಿತ್ರದೊಡನೆ ಸಿನಿಮಾಸ್ಕೋಪ್ ಎಂಬ ಹೆಸರಿನಿಂದ ಪುನರ್ಜನ್ಮ ಪಡೆಯಿತು. ಭಾರತದಲ್ಲಿ ಈ ವಿಶಾಲ ಮಸೂರವನ್ನು ಪ್ರಥಮತಃ ಬಳಸಿದ 1959ರ ‘ಕಾಗಜ್ ಕೆ ಫೂಲ್’ ಚಿತ್ರದ ನಿರ್ದೇಶಕ ಗುರುದತ್ತರು ಹುಟ್ಟಿದುದು ಬೆಂಗಳೂರಿನಲ್ಲಿ, ಛಾಯಾಗ್ರಾಹಕ ವಿ. ಕೆ. ಮೂರ್ತಿಯವರು ಮೈಸೂರಿನವರು, ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಛಾಯಾಗ್ರಹಣವನ್ನು ಕಲಿತವರು. ಖಾಲಿ ಸ್ಟುಡಿಯೋದ ಮಬ್ಬಿನಲ್ಲಿ ಮಾಡಿನಿಂದ ನೆಲಕ್ಕೆ ಓರೆಯಾಗಿ ಇಳಿದುಬರುವ ಒಂದು ಬೆಳಕಿನ ಕೋಲು ಆ ಚಿತ್ರದಲ್ಲಿದೆ. ಸ್ಟುಡಿಯೋದ ದೀಪಗಳ ಬೆಳಕು ದೂರ ಹೋದಂತೆ ಹರಡಿಕೊಳ್ಳುವುದೇ ಹೊರತು ಸೂರ್ಯರಶ್ಮಿಯಂತೆ ಸಮಾನಾಂತರವಾಗಿ ಬರುವುದಿಲ್ಲ. ಆದುದರಿಂದ ಮೂರ್ತಿಯವರು ಹೊರಗೊಂದು ದೊಡ್ಡ ಕನ್ನಡಿ, ಒಳಗೆ ಎತ್ತರದಲ್ಲೊಂದು ಕನ್ನಡಿ ನಿಲ್ಲಿಸಿ, ನಿಜವಾದ ಬಿಸಿಲನ್ನೇ ಒಂದರಿಂದ ಇನ್ನೊಂದಕ್ಕೆ ಹಾಯಿಸಿ ಕೆಳಗಿಳಿಸಿದರು. ಸೂರ್ಯನು ಸರಿದಂತೆ ಕನ್ನಡಿಯನ್ನೂ ಸರಿಸಬೇಕಾಗುತ್ತದೆಂಬುದನ್ನು ನೆನೆದರೆ ಆ ಕೆಲಸದ ತಾಳ್ಮೆ ಅರಿವಾಗುತ್ತದೆ. ಪರದೇಶದ ಮಸೂರಕ್ಕೆ ಈ ನೆಲದ ಬಿಸಿಲನ್ನು ಕೂಡಿಸಿದ ಮೂರ್ತಿಯವರಿಗೆ 2008ನೆಯ ಸಾಲಿನ ದಾದಾಸಾಹೇಬ ಫಾಳ್ಕೆ ಪ್ರಶಸ್ತಿ ಸಂದಿತು. ಆ ಗೌರವ ಪಡೆದ ಛಾಯಾಗ್ರಾಹಕರಲ್ಲಿ ಅವರೇ ಮೊದಲಿಗರು.

ಮಾತನ್ನೂ ಚಿತ್ರವನ್ನೂ ಒಂದೇ ಕಾಲದಲ್ಲಿ, ಬೀದಿಯಲ್ಲಿ, ತಂತಿಯ ಬಂಧನವಿಲ್ಲದೆ ಹಿಡಿಯುವುದು ಮುಂದಿನ ಹೆಜ್ಜೆ. ವಾರ್ಸಾದಲ್ಲಿ ಹುಟ್ಟಿ ಸ್ವಿಟ್ಜರ್ಲೆಂಡಿನಲ್ಲಿ ನೆಲೆಸಿದ ಸ್ಟೆಫಾನ್ ಕುದೆಲ್ಸ್ಕಿ 1951ರಲ್ಲಿ ರೂಪಿಸಿದ ಒಯ್ಯಬಹುದಾದ ಧ್ವನಿಮುದ್ರಣ ಯಂತ್ರಕ್ಕೆ ನಾಗ್ರಾ ಎಂದು ಹೆಸರಿಟ್ಟನು. ಅವನ ತಾಯ್ನುಡಿಯಲ್ಲಿ ಅದಕ್ಕೆ ‘ಮುದ್ರಿಸುವುದು’ ಎಂದರ್ಥ. ಕ್ಯಾಮೆರಾದ ಮೋಟಾರನ್ನೂ ಧ್ವನಿಯಂತ್ರವನ್ನೂ ಸ್ಫಟಿಕದ ಕಂಪನದಿಂದ ಒಂದೇ ಲಯಕ್ಕೆ ಕಟ್ಟಿದ ಮೇಲೆ ಅವುಗಳ ನಡುವಣ ತಂತಿ ಬೇಡವಾಯಿತು. ಈ ದಿಶೆಯಲ್ಲಿ ಬಹಳ ದುಡಿದ ಫ್ರಾನ್ಸಿನ ಜಾನ್ ಪಿಯೆರ್ ಬೋವಿಯಾಲಾ, ತನ್ನ ಆತೋನ್ ಕ್ಯಾಮೆರಾ ಹೆಗಲ ಮೇಲೆ ಬೆಕ್ಕು ಕುಳಿತಂತೆ ಕುಳಿತಿರಬೇಕೆಂದು ಅಪೇಕ್ಷಿಸಿ, ಅದರ ಒಡಲನ್ನು ಭುಜದ ಇಳಿಜಾರಿಗೆ ತಕ್ಕಂತೆ ರೂಪಿಸಿದನು.

ಹೆಗಲೇರಿದ ಕ್ಯಾಮೆರಾ ನಡೆಯುವವನ ಪ್ರತಿ ಹೆಜ್ಜೆಗೂ ಕುಲುಕುತ್ತಿತ್ತು. ಮನುಷ್ಯನು ನಡೆಯುವಾಗ ಅವನ ಕಣ್ಣಿಗೆ ಲೋಕ ಕುಲುಕುವುದಿಲ್ಲವಷ್ಟೆ. ಯಂತ್ರಕ್ಕೂ ಆ ಭಾಗ್ಯ ಒದಗಿಸಿದವನು ಅಮೆರಿಕದ ಫಿಲಡೆಲ್ಫಿಯದ ಗ್ಯಾರೆಟ್ ಬ್ರೌನ್. ಚಿತ್ರಗ್ರಾಹಕನು ತೊಟ್ಟ ಅಂಗಿಯಂಥ ಕವಚಕ್ಕೆ ಸ್ಪ್ರಿಂಗುಗಳ ತೋಳೊಂದು, ಅದರ ತುದಿಗೆ ಎಲ್ಲ ದಿಕ್ಕಿಗೂ ಸಲೀಸಾಗಿ ಹೊರಳುವ ಕೀಲು, ಕೀಲಿನಲ್ಲಿ ನಿಂತ ಕಂಬದ ಮೇಲ್ತುದಿಯಲ್ಲಿ ಕ್ಯಾಮೆರಾ, ಕೆಳತುದಿಯಲ್ಲಿ ಸಮತೂಕಕ್ಕಾಗಿ ಬ್ಯಾಟರಿ ಮತ್ತು ದೃಶ್ಯವನ್ನು ತೋರುವ ಚಿಕ್ಕ ಪರದೆ. ಸ್ಟೆಡಿಕ್ಯಾಮ್ ಎಂದರೆ ಇಷ್ಟೆ. ತಕ್ಕಡಿಯ ಕೋಲಿನಂತೆ ತೂಕವನ್ನು ದೂರ ದೂರಕ್ಕೆ ಹಂಚಿದುದರಿಂದ ಕಂಬವು ಸುಲಭವಾಗಿ ಓಲಾಡುವುದಿಲ್ಲ. ಹೆಜ್ಜೆಯ ಆಘಾತ ತೋಳಿನ ಸ್ಪ್ರಿಂಗುಗಳಲ್ಲೇ ಕರಗುತ್ತದೆ. ತನ್ನ ಸಾಧನದ ಪರೀಕ್ಷೆಗೆಂದು ಬ್ರೌನ್ ತನ್ನ ಗೆಳತಿಯನ್ನು ಊರಿನ ಕಲಾಸಂಗ್ರಹಾಲಯದ ಮೆಟ್ಟಿಲುಗಳ ಮೇಲೆ ಓಡಿಸಿ, ತಾನೂ ಬೆನ್ನುಹತ್ತಿ ಚಿತ್ರಿಸಿದನು. ಅದನ್ನು ಕಂಡ ನಿರ್ದೇಶಕ ಜಾನ್ ಆವಿಲ್ಡ್ಸನ್ ಅದೇ ಮೆಟ್ಟಿಲುಗಳ ಮೇಲೆ 1976ರ ‘ರಾಕಿ’ಯ ನಾಯಕನನ್ನು ಓಡಿಸಿದನು. ಅದಕ್ಕೂ ಮೊದಲೇ ‘ಬೌಂಡ್ ಫಾರ್ ಗ್ಲೋರಿ’ ಚಿತ್ರದಲ್ಲಿ ಬ್ರೌನ್ ಕ್ರೇನಿನ ಮೇಲಿನಿಂದ ಇಳಿದು, ಕ್ಯಾಮೆರಾ ನಿಲ್ಲಿಸದೆಯೇ ನೆಲಕ್ಕೆ ಕಾಲಿಟ್ಟು, ವಲಸೆಗಾರರ ಗುಂಪಿನ ನಡುವೆ ನಡೆದುಹೋಗಿದ್ದನು. ಹಳಿಯನ್ನೂ ಟ್ರಾಲಿಯನ್ನೂ ಬೇಡದ ಈ ನಡಿಗೆಯಿಂದ ಒಳಗಿನ ಅಚಲತೆ, ಹೊರಗಿನ ಸಂಚಾರ ಎಂಬ ಎರಡು ಅಪೇಕ್ಷೆಗಳು ಬಹುಮಟ್ಟಿಗೆ ಒಂದಾದುವೆನ್ನಬಹುದು.

ಫಿಲ್ಮಿನ ಸ್ಥಾನಕ್ಕೆ ಸಿಲಿಕಾನಿನ ಬಿಲ್ಲೆ ಬಂದುದು ಈ ಕಥೆಯ ಇತ್ತೀಚಿನ ಅಧ್ಯಾಯ. 1969ರಲ್ಲಿ ಬೆಲ್ ಪ್ರಯೋಗಶಾಲೆಯಲ್ಲಿ ವಿಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಕಲ್ಪಿಸಿದ ಸಿ.ಸಿ.ಡಿ. ಎಂಬ ವಿದ್ಯುದ್ದೃಷ್ಟಿಗೆ 2009ರಲ್ಲಿ ನೊಬೆಲ್ ಪಾರಿತೋಷಕ ದೊರೆಯುವ ವೇಳೆಗೆ, ಡಿಜಿಟಲ್ ಕ್ಯಾಮೆರಾಗಳು ಸ್ಟುಡಿಯೋಗಳನ್ನು ಪ್ರವೇಶಿಸಿಯಾಗಿದ್ದಿತು. 2007ರ ರೆಡ್, 2010ರ ಆರಿ ಅಲೆಕ್ಸಾ ಈ ಪರಿವರ್ತನೆಯನ್ನು ಪೂರ್ಣಗೊಳಿಸಿದುವು. ಕೊಕ್ಕೆ, ಲೂಪು, ಗೇಟಿನ ಸೂಜಿ ಇವೆಲ್ಲ ಒಮ್ಮೆಲೇ ಅನಾವಶ್ಯಕವಾದುವು. ಆದರೆ ಈಗಿನ ಬಿಲ್ಲೆಗಳಲ್ಲಿ ಹೆಚ್ಚಿನವು ದೃಶ್ಯವನ್ನು ಒಂದೇ ಸಲಕ್ಕೆ ಗ್ರಹಿಸದೆ ಸಾಲುಸಾಲಾಗಿ ಓದುವುದರಿಂದ, ವೇಗವಾಗಿ ಹಾಯುವ ರೈಲಿನ ಕಿಟಕಿಗಳು ಓರೆಯಾಗಿ ವಾಲಿದಂತೆ ಕಾಣುವ ಹೊಸ ದೋಷವೊಂದು ತಲೆಯೆತ್ತಿತು. ಇದನ್ನು ತಗ್ಗಿಸಲೂ, ಚಿತ್ರಗ್ರಾಹಕನು ಪರದೆಯ ಬಿಂಬದ ಬದಲು ನಿಜವಾದ ಬೆಳಕನ್ನೇ ನೋಡುವಂತಾಗಲೂ, ಆರಿ ಸಂಸ್ಥೆಯವರು ಅಲೆಕ್ಸಾ ಸ್ಟುಡಿಯೋ ಎಂಬ ಡಿಜಿಟಲ್ ಮಾದರಿಯೊಳಗೆ ಕೆಸ್ಟ್ನರನ ತಿರುಗುವ ಕನ್ನಡಿಯನ್ನು ಮತ್ತೆ ತಂದು ಕೂರಿಸಿದರು. ಆ ಕನ್ನಡಿಯ ಹಿಂದಿನ ಬಿಲ್ಲೆಯ ಅಗಲ, ಇಂದಿನ ಅನೇಕ ಚಲಚ್ಚಿತ್ರ ಕ್ಯಾಮೆರಾಗಳಲ್ಲಿರುವಂತೆ, ಸುಮಾರು 25 ಮಿ.ಮೀ.; ಡಿಕ್ಸನ್ನನು ಸೀಳಿದ ಪಟ್ಟಿಯಲ್ಲಿ ಎರಡು ರಂಧ್ರಸಾಲುಗಳ ನಡುವೆ ಚಿತ್ರಕ್ಕೆಂದು ಉಳಿದ ಜಾಗವೂ ಅಷ್ಟೇ.